ಹಗ್ಗದ ಇನ್ನೊಂದು ತುದಿ: ಅಮೆರಿಕದ ಮರುಭೂಮಿಯಲ್ಲಿ ಬಂಡೆ ಹತ್ತುವವರು

ಅಮೆರಿಕದ ನೈರುತ್ಯ ಭಾಗದ ಮರುಭೂಮಿಗಳಲ್ಲಿ ಬಂಡೆ ಹತ್ತುವ ಹಂಗಾಮು ಅಕ್ಟೋಬರಿನಲ್ಲಿ ಶುರುವಾಗಿ ಏಪ್ರಿಲ್‌ವರೆಗೆ ನಡೆಯುತ್ತದೆ. ಬೇಸಿಗೆಯಲ್ಲಿ ಅಲ್ಲಿನ ತಾಪಮಾನ 38 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬೆರಳೂರಲು ಆಗುವುದಿಲ್ಲ, ಬೆವರಿದ ಕೈ ಜಾರುತ್ತದೆ, ಷೂ ತಳದ ರಬ್ಬರ್ ಮೆತ್ತಗಾಗುತ್ತದೆ. ಚಳಿಗಾಲದ ಹಗಲು ಹದವಾಗಿರುತ್ತದೆ. ಯೊಸೆಮಿಟಿಯಂಥ ಬೆಟ್ಟದ ಕಣಿವೆಗಳಲ್ಲಿ ಹಿಮ ಬೀಳತೊಡಗಿದ ಮೇಲೆ ಆರೋಹಿಗಳು ಹಗ್ಗ, ಗುಡಾರ, ಒಲೆ, ನೀರಿನ ಕ್ಯಾನುಗಳನ್ನು ಕಾರಿಗೆ ತುಂಬಿಕೊಂಡು ಮರುಭೂಮಿಯ ದಾರಿ ಹಿಡಿಯುತ್ತಾರೆ. ಕೆಲವರಿಗೆ ಇದು ಒಂದು ವಾರದ ರಜೆ. ಇನ್ನು ಕೆಲವರು ವ್ಯಾನನ್ನೇ ಮನೆ ಮಾಡಿಕೊಂಡು ತಿಂಗಳುಗಟ್ಟಲೆ ಹೀಗೆ ಅಲೆಯುತ್ತಾರೆ.

ಒಬ್ಬೊಬ್ಬರೇ ಬರುವವರು ಇವರಲ್ಲಿ ಬಹಳ. ಆದರೆ ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವುದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಏರುವಾಗ ಇನ್ನೊಬ್ಬರು ಕೆಳಗೆ ನಿಂತು ಹಗ್ಗ ಬಿಡುತ್ತಾ, ಬಿದ್ದರೆ ತಡೆದು ನಿಲ್ಲಿಸಬೇಕು. ಇದಕ್ಕೆ ಬಿಲೇ ಎನ್ನುತ್ತಾರೆ, ಮಾಡುವವರನ್ನು ಬಿಲೇಯರ್ ಎನ್ನುತ್ತಾರೆ. ಮರುಭೂಮಿಯ ಪಯಣದಲ್ಲಿ ಬಹಳ ಸಲ ಈ ಬಿಲೇಯರ್ ಹಿಂದಿನ ರಾತ್ರಿ ಬೆಂಕಿಯ ಸುತ್ತ ಪರಿಚಯವಾದವರು, ಇಲ್ಲವೇ ಅದೇ ಬೆಳಗ್ಗೆ ಕಾಫಿ ಕುಡಿಯುವಾಗ ಸಿಕ್ಕವರು. ಹೆಸರು ಬಿಟ್ಟರೆ ಹೆಚ್ಚೇನೂ ಗೊತ್ತಿಲ್ಲದವರ ಕೈಗೆ ಜೀವ ಒಪ್ಪಿಸುವುದು ಹೊರಗಿನವರಿಗೆ ಹುಚ್ಚುತನವಾಗಿ ಕಾಣಬಹುದು. ಅದು ಸಾಧ್ಯವಾಗಿರುವುದು ಈ ಕಸುಬಿಗೆ ಎಲ್ಲರೂ ಒಪ್ಪಿದ, ಎಲ್ಲೆಡೆ ಒಂದೇ ರೀತಿ ನಡೆಯುವ ಒಂದು ಶಿಸ್ತು ಇರುವುದರಿಂದ. ಆ ಶಿಸ್ತು ಸಡಿಲಾದಲ್ಲಿ ಎಷ್ಟೇ ಹಳೆಯ ಸ್ನೇಹವಿದ್ದರೂ ಅದು ಕಾಪಾಡುವುದಿಲ್ಲ.

ಸಾಮಾನ್ಯವಾಗಿ ಪಯಣ ಲಾಸ್ ಏಂಜಲೀಸ್ ಕಡೆಯಿಂದ ಆರಂಭವಾಗುತ್ತದೆ. ಅಲ್ಲಿಂದ ಪೂರ್ವಕ್ಕೆ ಸುಮಾರು 225 ಕಿ.ಮೀ. ಹೋದರೆ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನ. ಮುಂದೆ ಮೊಹಾವಿ ಮರುಭೂಮಿಯನ್ನು ಹಾದು ಸುಮಾರು 300 ಕಿ.ಮೀ. ಸಾಗಿದರೆ ನೆವಾಡಾದ ಲಾಸ್ ವೇಗಸ್; ಆ ಊರಿನ ಮಗ್ಗುಲಲ್ಲೇ ರೆಡ್ ರಾಕ್ ಕಣಿವೆ. ಅಲ್ಲಿಂದ ಯೂಟಾ ರಾಜ್ಯದ ಮೋಆಬ್ ಪಟ್ಟಣಕ್ಕೆ ಇನ್ನೂ 700 ಕಿ.ಮೀ.ಗಿಂತ ಹೆಚ್ಚು ದೂರವಿದೆ. ಮೋಆಬ್‌ನ ದಕ್ಷಿಣಕ್ಕೆ ಇಂಡಿಯನ್ ಕ್ರೀಕ್. ಈ ಮೂರೂ ತಾಣಗಳ ಕಲ್ಲು ಬೇರೆ ಬೇರೆ; ಆದ್ದರಿಂದ ಹತ್ತುವ ವಿಧಾನ, ಜೊತೆಗಾರರಿಂದ ಬೇಕಾಗುವ ಕೌಶಲ ಕೂಡ ಬೇರೆ ಬೇರೆ.

ಜೋಶುವಾ ಟ್ರೀ 1936ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು, 1994ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 3,200 ಚದರ ಕಿ.ಮೀ. ವಿಸ್ತಾರದ ಈ ಪ್ರದೇಶದಲ್ಲಿ ಎರಡು ಮರುಭೂಮಿಗಳು ಸೇರುತ್ತವೆ: ಎತ್ತರದ ಮೊಹಾವಿ, ತಗ್ಗಿನ ಕೊಲರಾಡೊ. ಉದ್ಯಾನಕ್ಕೆ ಹೆಸರು ಕೊಟ್ಟ ಜೋಶುವಾ ಮರ ಬೆಳೆಯುವುದು ಎತ್ತರದ ಭಾಗದಲ್ಲಿ. ಬಂಡೆಗಳ ರಾಶಿಗಳಿರುವುದೂ ಹೆಚ್ಚಾಗಿ ಅಲ್ಲೇ. ಹತ್ತು ಕೋಟಿ ವರ್ಷಗಳಿಗೂ ಹಿಂದೆ ನೆಲದಾಳದಲ್ಲಿ ಶಿಲಾರಸ ನಿಧಾನವಾಗಿ ತಣಿದು ಗ್ರಾನೈಟ್ ಜಾತಿಯ ಕಲ್ಲಾಯಿತು. ಅದರಲ್ಲಿ ಅಡ್ಡಕ್ಕೂ ಉದ್ದಕ್ಕೂ ಸೀಳುಗಳು ಮೂಡಿದವು. ಮಳೆ ಹೆಚ್ಚಿದ್ದ ಕಾಲದಲ್ಲಿ ಆ ಸೀಳುಗಳಲ್ಲಿ ನೀರು ಇಳಿದು, ಚೌಕನೆಯ ಕಲ್ಲುಗಳ ಮೂಲೆಗಳನ್ನು ಮೊದಲು ಕೊಳೆಸಿ, ಒಳಗಿನ ಗಟ್ಟಿ ಭಾಗವನ್ನು ದುಂಡಗೆ ಉಳಿಸಿತು. ಹವೆ ಒಣಗಿದ ಮೇಲೆ ಸುತ್ತಲಿನ ಮಣ್ಣು ಕೊಚ್ಚಿಹೋಗಿ ದುಂಡು ಬಂಡೆಗಳು ಒಂದರ ಮೇಲೊಂದು ಕೂತವು. ಹಂಪಿಯ ಬಂಡೆರಾಶಿಗಳು ರೂಪುಗೊಂಡದ್ದೂ ಇದೇ ಕ್ರಮದಲ್ಲಿ. ಅಲ್ಲಿನ ಕಲ್ಲಿಗೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ವಯಸ್ಸು, ಆದರೂ ಮಾತಂಗ ಪರ್ವತ ಹತ್ತಿದವರಿಗೆ ಜೋಶುವಾ ಟ್ರೀಯ ಚಿತ್ರಗಳು ಅಪರಿಚಿತವೆನಿಸುವುದಿಲ್ಲ.

ಉದ್ಯಾನದಲ್ಲಿ 8,000ಕ್ಕೂ ಹೆಚ್ಚು ಹತ್ತುವ ದಾರಿಗಳು ಗುರುತಾಗಿವೆ. ಅವುಗಳಲ್ಲಿ ಹೆಚ್ಚಿನವು 30 ಮೀಟರಿಗಿಂತ ಗಿಡ್ಡ. ಹೊಸಬರ ಜೊತೆ ಹತ್ತಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಅರ್ಧ ಗಂಟೆಯಲ್ಲಿ ಒಂದು ದಾರಿ ಮುಗಿಸಿ ಇಬ್ಬರೂ ನೆಲಕ್ಕೆ ಮರಳಬಹುದು. ಜೊತೆ ಸರಿಹೋಗಲಿಲ್ಲವೆಂದರೆ ಹಗ್ಗ ಬಿಚ್ಚಿ, ವಂದನೆ ಹೇಳಿ, ಬೇರೆಯವರನ್ನು ಹುಡುಕಿಕೊಳ್ಳಬಹುದು. ಹಿಡನ್ ವ್ಯಾಲಿ ಎಂಬ ಶಿಬಿರದ ಜಾಗ ಬಂಡೆಗಳ ನಡುವೆಯೇ ಇದೆ. ಒಂದೊಂದು ಗುಡಾರ ತಾಣದಲ್ಲಿ ಆರು ಜನರವರೆಗೆ ಇರಬಹುದು. ಹಂಗಾಮಿನಲ್ಲಿ ಜಾಗ ಸಿಗುವುದೇ ಅಪರೂಪವಾದ್ದರಿಂದ ಮೊದಲು ಬಂದವರು ಒಂಟಿಯಾಗಿ ಬಂದವರಿಗೆ ತಮ್ಮ ತಾಣದಲ್ಲಿ ಜಾಗ ಕೊಡುತ್ತಾರೆ, ಬಾಡಿಗೆ ಹಂಚಿಕೊಳ್ಳುತ್ತಾರೆ. ವಾರಾಂತ್ಯದ ಬೆಳಗ್ಗೆ ಉದ್ಯಾನದ ರೇಂಜರ್‌ಗಳೇ ಅಲ್ಲಿ ಕಾಫಿ ಕಾಸಿಟ್ಟು ಆರೋಹಿಗಳನ್ನು ಸೇರಿಸುವ ಪದ್ಧತಿಯೂ ಇದೆ. ಲೋಟ ಮಾತ್ರ ಅವರವರೇ ತರಬೇಕು. ಯಾವ ಬಂಡೆಯಲ್ಲಿ ಹದ್ದು ಗಿಡುಗಗಳು ಗೂಡು ಕಟ್ಟಿವೆ, ಯಾವ ದಾರಿ ಸದ್ಯಕ್ಕೆ ಮುಚ್ಚಿದೆ ಎಂಬ ಸುದ್ದಿ ಅಲ್ಲಿ ತಿಳಿಯುತ್ತದೆ. ಬಹಳ ಜೋಡಿಗಳು ಹುಟ್ಟುವುದೂ ಅಲ್ಲೇ.

1970ರ ದಶಕದಲ್ಲಿ ಜಾನ್ ಲಾಂಗ್, ಜಾನ್ ಬಾಕರ್, ಲಿನ್ ಹಿಲ್ ಮೊದಲಾದವರಿದ್ದ, ತಮ್ಮನ್ನು ಸ್ಟೋನ್‌ಮಾಸ್ಟರ್ಸ್ ಎಂದು ಕರೆದುಕೊಂಡ ಯುವಕ ಯುವತಿಯರ ಗುಂಪು ಚಳಿಗಾಲವನ್ನು ಇಲ್ಲಿ, ಬೇಸಿಗೆಯನ್ನು ಯೊಸೆಮಿಟಿಯಲ್ಲಿ ಕಳೆಯುತ್ತಿತ್ತು. ಕೈಯಲ್ಲಿ ದುಡ್ಡಿಲ್ಲದೆ, ಹಳೆಯ ಕಾರುಗಳಲ್ಲಿ ಮಲಗಿ, ದಿನವಿಡೀ ಬಂಡೆಯ ಮೇಲಿರುತ್ತಿದ್ದ ಈ ಪೀಳಿಗೆಯೇ ಇಂದಿನ ಮರುಭೂಮಿ ಪಯಣಕ್ಕೆ ರೂಪ ಕೊಟ್ಟದ್ದು. ಲಿನ್ ಹಿಲ್ ಮುಂದೆ 1993ರಲ್ಲಿ ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯ 'ನೋಸ್' ದಾರಿಯನ್ನು ಉಪಕರಣಗಳನ್ನು ಹಿಡಿದೆಳೆಯದೆ, ಕೈಕಾಲುಗಳ ಬಲದಿಂದಲೇ ಹತ್ತಿದ ಮೊದಲಿಗರಾದರು. ಅದುವರೆಗೆ ಗಂಡಸರು ಹೆಂಗಸರು ಯಾರಿಗೂ ಅದು ಆಗಿರಲಿಲ್ಲ.

ಹೊಸಬರಿಬ್ಬರು ಭೇಟಿಯಾದಾಗ ಮೊದಲ ಮಾತು ಅಂಕಿಗಳಲ್ಲಿ ನಡೆಯುತ್ತದೆ. ಅಮೆರಿಕದಲ್ಲಿ ದಾರಿಗಳ ಕಷ್ಟವನ್ನು 5.0ಯಿಂದ 5.15ರವರೆಗಿನ ಅಂಕಿಗಳಲ್ಲಿ ಹೇಳುತ್ತಾರೆ. ಈ ದಶಾಂಶ ಪದ್ಧತಿ ಹದಗೊಂಡದ್ದು 1950ರ ದಶಕದಲ್ಲಿ, ಜೋಶುವಾ ಟ್ರೀಗೆ ದೂರವಲ್ಲದ ಟಾಕೀಟ್ಸ್ ಬಂಡೆಯ ಮೇಲೆ, ಆರೋಹಿ ರಾಯಲ್ ರಾಬಿನ್ಸ್ ಮತ್ತು ಸಂಗಡಿಗರಿಂದ. ಮೊದಲಿಗೆ 5.9ಕ್ಕೆ ಮೇಲಿಲ್ಲ ಎಂದುಕೊಂಡಿದ್ದರು. ಅದಕ್ಕಿಂತ ಕಷ್ಟದ ದಾರಿಗಳನ್ನು ಹತ್ತತೊಡಗಿದ ಮೇಲೆ 5.10, 5.11 ಎಂದು ಅಂಕಿ ಬೆಳೆಯಿತು, 5.10ರಿಂದ ಮೇಲಕ್ಕೆ ಎ, ಬಿ, ಸಿ, ಡಿ ಎಂಬ ಉಪವಿಭಾಗಗಳೂ ಬಂದವು. ಆದರೆ ಅಂಕಿಯೊಂದೇ ಹೇಳಿದರೆ ಪರಿಚಯ ಅರ್ಧವಾದಂತೆ. ಮುಂದಾಳಾಗಿ ಹತ್ತುವಿರೋ, ಮೇಲಿನಿಂದ ಹಗ್ಗ ಇಳಿಬಿಟ್ಟ ಮೇಲೆ ಹತ್ತುವಿರೋ? ಬೋಲ್ಟ್ ಇರುವ ದಾರಿಯಲ್ಲೋ, ಬಿರುಕಿಗೆ ತಾವೇ ಆಸರೆ ಕೂರಿಸಿಕೊಳ್ಳುವ ದಾರಿಯಲ್ಲೋ? ನಗರದ ಒಳಾಂಗಣ ಗೋಡೆಯಲ್ಲಿ 5.11 ಹತ್ತುವವರು ಮರುಭೂಮಿಯ 5.8ರಲ್ಲಿ ನಡುಗುವುದು ಸಾಮಾನ್ಯ. ಜೋಶುವಾ ಟ್ರೀಯ ಹಳೆಯ ದಾರಿಗಳಿಗಂತೂ ಇರುವುದಕ್ಕಿಂತ ಕಡಿಮೆ ಅಂಕಿ ಕೊಟ್ಟಿದ್ದಾರೆಂಬ ಮಾತಿದೆ.

ಮುಂದಾಳಾಗಿ ಹತ್ತುವುದೆಂದರೆ ಹಗ್ಗವನ್ನು ಸೊಂಟದ ಹಾರ್ನೆಸ್ಸಿಗೆ ಕಟ್ಟಿಕೊಂಡು, ಏರುತ್ತಾ ಏರುತ್ತಾ ಬಂಡೆಯಲ್ಲಿರುವ ಬೋಲ್ಟುಗಳಿಗೆ, ಇಲ್ಲವೇ ತಾನೇ ಕೂರಿಸಿದ ಆಸರೆಗಳಿಗೆ ಕ್ಯಾರಬಿನರ್ ಎಂಬ ಕೊಂಡಿಯ ಮೂಲಕ ಹಗ್ಗ ತೂರಿಸುವುದು. ಕೊನೆಯ ಆಸರೆಗಿಂತ ಎರಡು ಮೀಟರ್ ಮೇಲಿರುವವರು ಕೈಬಿಟ್ಟರೆ ಕನಿಷ್ಠ ನಾಲ್ಕು ಮೀಟರ್ ಬೀಳುತ್ತಾರೆ. ಹಗ್ಗದ ಸಡಿಲು, ಹಿಗ್ಗು ಸೇರಿದರೆ ಇನ್ನೂ ಹೆಚ್ಚು. ಈ ಹಗ್ಗ ಗಟ್ಟಿಯಾಗಿದ್ದರಷ್ಟೇ ಸಾಲದು, ಹಿಗ್ಗಬೇಕು. ಹಿಗ್ಗದ ಹಗ್ಗ ಬೀಳುವವರ ನಡು ಮುರಿದೀತು. ಒಳಗೆ ನೈಲಾನ್ ಎಳೆಗಳ ತಿರುಳು, ಹೊರಗೆ ಹೆಣೆದ ಕವಚ ಇರುವ ಇಂದಿನ ಹಗ್ಗವನ್ನು ಜರ್ಮನಿಯ ಎಡೆಲ್ರಿಡ್ ಸಂಸ್ಥೆ 1953ರಲ್ಲಿ ತಯಾರಿಸಿತು. ಈಗಿನ ಮಾನದಂಡದ ಪ್ರಕಾರ ಪ್ರಮಾಣಿತ ಪರೀಕ್ಷೆಯ ಮೊದಲ ಬೀಳಿನಲ್ಲಿ ಹಗ್ಗ ದಾಟಿಸುವ ಬಲ 12 ಕಿಲೋನ್ಯೂಟನ್ ಮೀರಬಾರದು.

ಕೆಳಗಿರುವ ಬಿಲೇಯರ್‌ನ ಹಾರ್ನೆಸ್ಸಿನಲ್ಲಿ ಹಗ್ಗಕ್ಕೆ ತಡೆ ಹಾಕುವ ಒಂದು ಸಣ್ಣ ಸಾಧನವಿರುತ್ತದೆ. 1991ರಲ್ಲಿ ಫ್ರಾನ್ಸಿನ ಪೆಟ್ಜಲ್ ಸಂಸ್ಥೆ ತಂದ ಗ್ರಿಗ್ರಿ, ಹಗ್ಗ ದಿಢೀರನೆ ಓಡಿದರೆ ತಾನೇ ಕಚ್ಚಿ ಹಿಡಿಯಲು ನೆರವಾಗುತ್ತದೆ. ಆದರೂ ತಡೆಯುವ ಕೈಯನ್ನು ಹಗ್ಗದಿಂದ ಒಂದು ಕ್ಷಣವೂ ತೆಗೆಯಬಾರದು ಎಂಬ ನಿಯಮಕ್ಕೆ ಯಾವ ಸಾಧನವೂ ವಿನಾಯಿತಿ ಕೊಡುವುದಿಲ್ಲ.

ಹತ್ತುವ ಮುನ್ನ ಇಬ್ಬರೂ ಎದುರುಬದುರು ನಿಂತು ಒಬ್ಬರನ್ನೊಬ್ಬರು ಪರೀಕ್ಷಿಸುತ್ತಾರೆ. ಮುಂದಾಳಿನ ಹಾರ್ನೆಸ್ಸಿನ ಬಕಲ್ ಬಿಗಿಯಾಗಿದೆಯೇ, ಹಗ್ಗ ಸೊಂಟದ ಕುಣಿಕೆ ಮತ್ತು ತೊಡೆಯ ಕುಣಿಕೆ ಎರಡರಲ್ಲೂ ಹಾದಿದೆಯೇ ಎಂದು ನೋಡಬೇಕು. ಇಂಗ್ಲಿಷಿನ ಎಂಟರ ಅಂಕಿಯ ಆಕಾರದ ಗಂಟಿನಲ್ಲಿ ಹಗ್ಗದ ಎಳೆಗಳು ಜೊತೆಜೊತೆಯಾಗಿ ಐದು ಕಡೆ ಕಾಣಬೇಕು. ಒಂದು ಕಡೆ ಒಂಟಿ ಎಳೆ ಕಂಡರೂ ಗಂಟು ಅಪೂರ್ಣ. ಉಳಿದ ತುದಿ ಗೇಣುದ್ದವಾದರೂ ಇರಬೇಕು. ಬಳಿಕ ಬಿಲೇಯರ್‌ನ ಸರದಿ. ಸಾಧನದಲ್ಲಿ ಹಗ್ಗ ಸರಿಯಾದ ದಿಕ್ಕಿನಲ್ಲಿ ಹೋಗಿದೆಯೇ, ಕ್ಯಾರಬಿನರ್‌ನ ತಿರುಪು ಬಿಗಿದಿದೆಯೇ? ಕಣ್ಣಲ್ಲಿ ನೋಡಿದರೆ ಸಾಲದು, ಅದನ್ನು ಒತ್ತಿ ನೋಡಬೇಕು. ಕೊನೆಯದಾಗಿ, ಹಗ್ಗದ ಆಚೆ ತುದಿಗೆ ಗಂಟು ಬಿದ್ದಿದೆಯೇ? ಇಷ್ಟಕ್ಕೆಲ್ಲ ಅರ್ಧ ನಿಮಿಷ ಹಿಡಿಯುತ್ತದೆ.

ಈ ಅರ್ಧ ನಿಮಿಷದ ಬೆಲೆಯನ್ನು ಲಿನ್ ಹಿಲ್ ಅವರ ಬದುಕೇ ತೋರಿಸಿದೆ. 1989ರಲ್ಲಿ ಫ್ರಾನ್ಸಿನ ಬ್ಯೂವೂ ಎಂಬಲ್ಲಿ ಅವರು ಗಂಟು ಹಾಕುತ್ತಿರುವಾಗಲೇ ಬೇರೆ ಮಾತಿಗೆ ಗಮನ ಹೋಯಿತು. ಅಪೂರ್ಣ ಗಂಟು ಮೇಲಂಗಿಯ ಅಡಿಯಲ್ಲಿ ಮುಚ್ಚಿಹೋಗಿತ್ತು. ದಾರಿ ಹತ್ತಿ ಮುಗಿಸಿ ಇಳಿಯಲೆಂದು ಹಗ್ಗದ ಮೇಲೆ ಭಾರ ಹಾಕಿದಾಗ ಹಗ್ಗ ಕಳಚಿ ಬಂತು. ಇಪ್ಪತ್ತು ಮೀಟರಿಗೂ ಹೆಚ್ಚು ಎತ್ತರದಿಂದ ಬಿದ್ದ ಅವರು ಮರದ ಕೊಂಬೆಗಳು ತಡೆದದ್ದರಿಂದ ಗಾಯಗೊಂಡು ಉಳಿದುಕೊಂಡರು. ಆಗ ಅವರು ಜಗತ್ತಿನ ಅತಿ ಶ್ರೇಷ್ಠ ಆರೋಹಿಗಳಲ್ಲಿ ಒಬ್ಬರು. ಅನುಭವ ಹೆಚ್ಚಿದಷ್ಟೂ ಪರೀಕ್ಷೆ ಕಡಿಮೆ ಮಾಡಬಹುದೆಂಬ ನಂಬಿಕೆ ಎಷ್ಟು ಅಪಾಯದ್ದೆಂದು ಇದರಿಂದ ತಿಳಿಯುತ್ತದೆ. ವಿಚಿತ್ರವೆಂದರೆ ಈ ವಿಷಯದಲ್ಲಿ ಹೊಸಬರ ಜೊತೆಗೆ ಒಂದು ಲಾಭವೂ ಇದೆ. ಹಳೆಯ ಜೋಡಿಗಳು 'ಅವನಿಗೆ ಗೊತ್ತಿರುತ್ತದೆ' ಎಂದು ಬಿಟ್ಟುಬಿಡುವುದನ್ನು ಅಪರಿಚಿತರು ತಪ್ಪದೆ ನೋಡುತ್ತಾರೆ.

ಮಾತಿಗೂ ಕಟ್ಟುಪಾಡಿದೆ. 'ಆನ್ ಬಿಲೇ?' ಎಂದು ಮುಂದಾಳು ಕೇಳಬೇಕು, 'ಬಿಲೇ ಆನ್' ಎಂದು ಉತ್ತರ ಬಂದ ಮೇಲೆಯೇ ನೆಲ ಬಿಡಬೇಕು. ಹಗ್ಗ ಸಡಿಲು ಬೇಕಾದರೆ 'ಸ್ಲ್ಯಾಕ್', ಬಿಗಿ ಹಿಡಿಯಬೇಕಾದರೆ 'ಟೇಕ್'. ಪಕ್ಕದ ದಾರಿಯಲ್ಲೂ ಜನರಿದ್ದರೆ ಕೂಗಿಗೆ ಹೆಸರು ಸೇರಿಸಬೇಕು. ಭಾಷೆ, ದೇಶ ಬೇರೆಯಾದವರೂ ಒಟ್ಟಿಗೆ ಹತ್ತಲು ಸಾಧ್ಯವಾಗಿರುವುದು ಈ ಐದಾರು ಪದಗಳಿಂದ. ಮಾತು ತಪ್ಪಿ ಆಗುವ ಅವಘಡಗಳು ಬಹಳ ಸಲ ಹುಟ್ಟುವುದು ದಾರಿಯ ತುದಿಯಲ್ಲಿ. ಮೇಲೆ ತಲುಪಿದವರು ತಮ್ಮನ್ನು ಹಗ್ಗದಲ್ಲಿ ಇಳಿಸುತ್ತಾರೆಂದು ಹಿಂದಕ್ಕೆ ವಾಲುತ್ತಾರೆ. ಕೆಳಗಿರುವವರು ಅವರು ತಾವೇ ಇಳಿದು ಬರುತ್ತಾರೆಂದುಕೊಂಡು ಸಾಧನದಿಂದ ಹಗ್ಗ ಬಿಡಿಸಿರುತ್ತಾರೆ. ಗಾಳಿ ಬೀಸುವಾಗ ಮೂವತ್ತು ಮೀಟರ್ ಮೇಲಿನ ಕೂಗು ಕೇಳಿಸುವುದೂ ಇಲ್ಲ. ಆದ್ದರಿಂದ ಇಳಿಯುವ ಬಗೆ ಯಾವುದೆಂದು ನೆಲದ ಮೇಲಿರುವಾಗಲೇ ತೀರ್ಮಾನವಾಗಿರಬೇಕು. ಹಗ್ಗದ ಉದ್ದದ ಲೆಕ್ಕವೂ ಹಾಗೆಯೇ. 60 ಮೀಟರ್ ಹಗ್ಗದಲ್ಲಿ 30 ಮೀಟರಿಗಿಂತ ಉದ್ದದ ದಾರಿಯಿಂದ ಇಳಿಸಲು ಹೋದರೆ ತುದಿ ಸಾಧನದಿಂದ ಜಾರಿ ಹೋಗುತ್ತದೆ, ಅಲ್ಲಿ ಗಂಟು ಇದ್ದರೆ ಮಾತ್ರ ನಿಲ್ಲುತ್ತದೆ. ಒಬ್ಬರನ್ನೊಬ್ಬರು ತೂಕ ಕೇಳುವುದಕ್ಕೂ ಇಲ್ಲಿ ಯಾರೂ ಸಂಕೋಚಪಡುವುದಿಲ್ಲ. ಮುಂದಾಳು ತೀರ ಭಾರವಿದ್ದು ಬಿಲೇಯರ್ ಹಗುರವಾಗಿದ್ದರೆ, ಬಿದ್ದಾಗ ಬಿಲೇಯರ್ ಗಾಳಿಗೇರಿ ಬಂಡೆಗೆ ಬಡಿಯುವ ಸಂಭವವಿದೆ.

ಒಳ್ಳೆಯ ಜೊತೆಗಾರರನ್ನು ಗುರುತಿಸಲು ಅವರು ಹತ್ತುವುದನ್ನು ನೋಡುವುದಕ್ಕಿಂತ ಹಗ್ಗ ಹಿಡಿಯುವುದನ್ನು ನೋಡಬೇಕು. ಕಣ್ಣು ಮೇಲಿದೆಯೋ ಫೋನಿನ ಮೇಲಿದೆಯೋ, ಬಂಡೆಯ ಬುಡಕ್ಕೆ ಹತ್ತಿರ ನಿಂತಿದ್ದಾರೋ ದೂರ ಕೂತಿದ್ದಾರೋ, ತಿಳಿಯದ್ದನ್ನು ತಿಳಿಯದು ಎನ್ನುತ್ತಾರೋ ಎಂಬುದು ಒಂದೇ ದಾರಿಯಲ್ಲಿ ಗೊತ್ತಾಗುತ್ತದೆ. ಇವತ್ತು ಬೇಡ, ಇಳಿಯೋಣ ಎಂದವರ ಮೇಲೆ ಬೇಸರಪಡದವರು ಸಿಕ್ಕರೆ ಅದೇ ಭಾಗ್ಯ. ಮೊದಲ ದಿನ ಜನರಿರುವ ಬಂಡೆಗೆ ಹೋಗುವುದು, ಸ್ವಂತ ಗಾಡಿಯಲ್ಲೇ ಬರುವುದು, ಎಲ್ಲಿದ್ದೇವೆಂದು ಮನೆಯವರಿಗೆ ತಿಳಿಸಿರುವುದು ಒಂಟಿ ಪಯಣಿಗರು, ಅದರಲ್ಲೂ ಹೆಣ್ಣುಮಕ್ಕಳು, ಪಾಲಿಸುವ ಪದ್ಧತಿ. ಅದನ್ನು ಅಪನಂಬಿಕೆ ಎಂದು ಯಾರೂ ತಪ್ಪು ತಿಳಿಯುವುದಿಲ್ಲ.

ಜೋಶುವಾ ಟ್ರೀಯಲ್ಲಿ ಪಳಗಿದ ಜೋಡಿ ರೆಡ್ ರಾಕ್‌ಗೆ ಹೋದಾಗ ಲೆಕ್ಕ ಬದಲಾಗುತ್ತದೆ. ಇಲ್ಲಿನದು ಕೆಂಪು, ಬಿಳಿ ಪಟ್ಟೆಗಳ ಆಜ್ಟೆಕ್ ಮರಳುಗಲ್ಲು. ಜುರಾಸಿಕ್ ಕಾಲದ ಮರಳುದಿಬ್ಬಗಳು ಹೂತು ಗಟ್ಟಿಯಾಗಿ ಆದದ್ದು, ಕೆಂಪು ಬಣ್ಣ ಕಬ್ಬಿಣದ ಅಂಶದಿಂದ ಬಂದದ್ದು. ದಾರಿಗಳು ನೂರಾರು ಮೀಟರ್ ಉದ್ದ. ಎಪಿನೆಫ್ರಿನ್ ಎಂಬ ಹೆಸರಾಂತ ದಾರಿ ಸುಮಾರು 500 ಮೀಟರ್ ಇದೆ. ಹಗ್ಗದ ಒಂದೊಂದು ಅಳತೆಗೆ ನಿಂತು, ಮೇಲಿನವರು ಕೆಳಗಿನವರನ್ನು ಬರಮಾಡಿಕೊಳ್ಳುತ್ತಾ, ಬೆಳಗಿನಿಂದ ಸಂಜೆಯವರೆಗೆ ಒಟ್ಟಿಗಿರಬೇಕು. ನಡುವೆ ಮನಸ್ತಾಪ ಬಂದರೆ ಬಿಟ್ಟು ಹೋಗಲು ಜಾಗವಿಲ್ಲ. ಒಬ್ಬರಿಗೆ ಪೆಟ್ಟಾದರೆ ಇನ್ನೊಬ್ಬರಿಗೆ ಇಳಿಸುವ ವಿದ್ಯೆ ಗೊತ್ತಿರಬೇಕು. ಹಾಗಾಗಿ ನಿನ್ನೆ ಮೊನ್ನೆ ಸಿಕ್ಕವರ ಜೊತೆ ಇಂಥ ದಾರಿಗೆ ಕೈಹಾಕದಿರುವುದೇ ಒಳಿತು. ಇದರ ಜೊತೆಗೆ ಗಡಿಯಾರದ ಕಾಟ ಬೇರೆ. ಕಣಿವೆಯ 21 ಕಿ.ಮೀ. ಸುತ್ತುರಸ್ತೆಯ ಗೇಟು ಸಂಜೆ ಮುಚ್ಚುತ್ತದೆ, ತಡವಾಗಿ ಹೊರಬರುವವರು ಮೊದಲೇ ಅನುಮತಿ ಪಡೆದಿರಬೇಕು.

ಲಾಸ್ ವೇಗಸ್‌ನಿಂದ ಮೋಆಬ್‌ನತ್ತ ಹೊರಟವರು ಯೂಟಾದ ಸಲೈನಾ ಮತ್ತು ಗ್ರೀನ್ ರಿವರ್ ಊರುಗಳ ನಡುವಿನ 70ನೇ ಅಂತರರಾಜ್ಯ ಹೆದ್ದಾರಿಯಲ್ಲಿ ಹಾದುಹೋಗುತ್ತಾರೆ. ಸುಮಾರು 170 ಕಿ.ಮೀ. ಉದ್ದದ ಆ ಭಾಗದಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಹೋಟೆಲ್ ಇಲ್ಲ, ಊರೇ ಇಲ್ಲ. ಟ್ಯಾಂಕು ತುಂಬಿಸದೆ ಇದಕ್ಕೆ ಇಳಿಯಬಾರದು. ನೀರಿನದು ಇನ್ನೂ ದೊಡ್ಡ ಮಾತು. ತಲೆಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ಎಂಬುದು ಉದ್ಯಾನಗಳ ಸಲಹೆ, ಮೈಮುರಿದು ದುಡಿಯುವವರಿಗೆ ಅದರ ಎರಡರಷ್ಟು. ಹಿಡನ್ ವ್ಯಾಲಿ ಶಿಬಿರದಲ್ಲಿ ನಲ್ಲಿ ಇಲ್ಲ, ಇಂಡಿಯನ್ ಕ್ರೀಕ್‌ನಲ್ಲೂ ಎಲ್ಲವನ್ನೂ ಹೊತ್ತೇ ತರಬೇಕು. ಫೋನಿನ ಸಿಗ್ನಲ್ ಈ ಪ್ರದೇಶಗಳ ಬಹುಭಾಗದಲ್ಲಿ ಸಿಗುವುದಿಲ್ಲ. ದೂರದಲ್ಲೆಲ್ಲೋ ಬಿದ್ದ ಮಳೆ ಒಣಹಳ್ಳದಲ್ಲಿ ಇದ್ದಕ್ಕಿದ್ದಂತೆ ಪ್ರವಾಹವಾಗಿ ಬರುವುದುಂಟು. ಅದಕ್ಕಾಗಿಯೇ ಮರಳಿನ ಹಳ್ಳದ ಪಾತ್ರದಲ್ಲಿ ಗುಡಾರ ಹಾಕುವುದಿಲ್ಲ.

ಇಂಡಿಯನ್ ಕ್ರೀಕ್ ಬಿರುಕುಗಳ ಊರು. ಸುಮಾರು 20 ಕೋಟಿ ವರ್ಷ ಹಳೆಯ ವಿಂಗೇಟ್ ಮರಳುಗಲ್ಲಿನ ಗೋಡೆಗಳು ಕಣಿವೆಯುದ್ದಕ್ಕೂ ನೆಟ್ಟಗೆ ನಿಂತಿವೆ. ಅವುಗಳಲ್ಲಿ ಬುಡದಿಂದ ತುದಿಯವರೆಗೆ ಒಂದೇ ಅಗಲದಲ್ಲಿ, ನೂಲು ಹಿಡಿದು ಸೀಳಿದ ಹಾಗೆ ಬಿರುಕುಗಳು. ಹಿಡಿಯಲು ಗೂಟವಿಲ್ಲ, ಕಾಲೂರಲು ಮೆಟ್ಟಿಲಿಲ್ಲ. ಹಸ್ತವನ್ನು ಹೆಬ್ಬೆರಳು ಮೇಲಾಗಿ ಬಿರುಕಿನೊಳಗೆ ತೂರಿಸಿ, ಹೆಬ್ಬೆರಳನ್ನು ಅಂಗೈಯತ್ತ ಮಡಚಬೇಕು. ಆಗ ಹೆಬ್ಬೆರಳ ಬುಡದ ಮಾಂಸ ಉಬ್ಬಿ ಕೈ ಅಲ್ಲೇ ಕಚ್ಚಿಕೊಳ್ಳುತ್ತದೆ. ಪಾದವನ್ನು ಓರೆಯಾಗಿ ಒಳಗಿಟ್ಟು ತಿರುಚಿದರೆ ಅದೂ ನಿಲ್ಲುತ್ತದೆ. ಸರಿಯಾಗಿ ಕೂತ ಕೈಯ ಮೇಲೆ ಇಡೀ ದೇಹ ನೇತು ಹಾಕಿ ವಿಶ್ರಾಂತಿ ಪಡೆಯಬಹುದು, ತಪ್ಪಾಗಿ ಕೂತರೆ ಹಸ್ತದ ಹಿಂಬದಿಯ ಚರ್ಮ ಸುಲಿಯುತ್ತದೆ. ಅದಕ್ಕೆ ಆರೋಹಿಗಳು ಕೈಗೆ ಬಟ್ಟೆಯ ಅಂಟುಪಟ್ಟಿ ಸುತ್ತಿಕೊಳ್ಳುತ್ತಾರೆ. ಇದನ್ನು ಒಬ್ಬರೇ ಕಲಿಯುವುದಕ್ಕಿಂತ ಪಕ್ಕದಲ್ಲಿರುವ ಅನುಭವಿ ತೋರಿಸಿಕೊಟ್ಟರೆ ಬೇಗ ಬರುತ್ತದೆ. ಬಿರುಕಿನ ಬುಡದಲ್ಲಿ ನಿಂತು ಅಪರಿಚಿತರಿಗೆ ಈ ಪಾಠ ಹೇಳಿಕೊಡುವವರು ಅಲ್ಲಿ ಯಾವಾಗಲೂ ಇರುತ್ತಾರೆ.

ಇಲ್ಲಿ ಆಸರೆಗೆ ಬಳಸುವುದು ಕ್ಯಾಮ್. ಕೀಲನ್ನೆಳೆದರೆ ಮುದುಡುವ, ಬಿಟ್ಟರೆ ಅರಳಿ ಬಿರುಕಿನ ಎರಡೂ ಗೋಡೆಗಳನ್ನು ಒತ್ತುವ ಲೋಹದ ಹಾಲೆಗಳ ಸಾಧನ. ಅಮೆರಿಕದ ರೇ ಜಾರ್ಡೀನ್ ರೂಪಿಸಿದ ಇದು 1978ರಲ್ಲಿ 'ಫ್ರೆಂಡ್ಸ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇಲ್ಲಿನ ಪ್ರಸಿದ್ಧ ಸೂಪರ್‌ಕ್ರ್ಯಾಕ್ ಬಿರುಕನ್ನು ಅರ್ಲ್ ವಿಗಿನ್ಸ್ ಮತ್ತು ಸಂಗಡಿಗರು 1976ರಲ್ಲಿ, ಕ್ಯಾಮ್ ಇಲ್ಲದ ಕಾಲದಲ್ಲೇ ಹತ್ತಿದ್ದರು. ಬೇರೆಡೆ ಒಂದೊಂದು ಅಳತೆಯ ಒಂದೊಂದು ಕ್ಯಾಮ್ ಇದ್ದರೆ ಸಾಕಾಗುತ್ತದೆ. ಇಲ್ಲಿ ಬಿರುಕಿನ ಅಗಲ ಬದಲಾಗುವುದೇ ಇಲ್ಲವಾದ್ದರಿಂದ ಒಂದೇ ಅಳತೆಯವು ಐದು, ಆರು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಒಂದಕ್ಕೆ ಹತ್ತಾರು ಡಾಲರ್ ಬೆಲೆಯ ಈ ಸಾಧನ ಅಷ್ಟು ಸಂಖ್ಯೆಯಲ್ಲಿ ಯಾರ ಬಳಿಯೂ ಇರುವುದಿಲ್ಲ. ಹೀಗಾಗಿ ಮೂರು ನಾಲ್ಕು ಜನ ತಮ್ಮಲ್ಲಿದ್ದದ್ದನ್ನೆಲ್ಲ ಚಾಪೆಯ ಮೇಲೆ ಸುರಿದು ಒಂದು ಗುಂಪಾಗುತ್ತಾರೆ. ಯಾರದು ಯಾವುದು ಎಂದು ತಿಳಿಯಲು ಪ್ರತಿಯೊಬ್ಬರೂ ತಮ್ಮ ಕ್ಯಾಮುಗಳಿಗೆ ಬಣ್ಣದ ಪಟ್ಟಿ ಸುತ್ತಿರುತ್ತಾರೆ. ಮರುಭೂಮಿ ಪಯಣದ ಅನೇಕ ದೀರ್ಘ ಸ್ನೇಹಗಳಿಗೆ ಮೂಲ ಈ ಕೊರತೆಯೇ.

ಕರ್ನಾಟಕದಿಂದ ಹೋಗುವವರಿಗೆ ಒಂದು ವಿಷಯ ತಿಳಿದಿರಬೇಕು. ಹಂಪಿಯಲ್ಲಿ ಹೆಚ್ಚಾಗಿ ನಡೆಯುವುದು ಹಗ್ಗವಿಲ್ಲದೆ, ಕೆಳಗೆ ದಪ್ಪ ಮೆತ್ತೆ ಹಾಸಿ ಸಣ್ಣ ಬಂಡೆಗಳನ್ನು ಹತ್ತುವ ಬೌಲ್ಡರಿಂಗ್. ಬಾದಾಮಿಯ ಮರಳುಗಲ್ಲಿನಲ್ಲಿ ಬೋಲ್ಟ್ ಹೊಡೆದ ದಾರಿಗಳು ಹೆಚ್ಚು. ಈ ಎರಡೂ ಕಡೆ ಪಳಗಿದವರ ಬೆರಳು, ಪಾದಗಳು ಮರುಭೂಮಿಯ ಕಲ್ಲಿಗೆ ಬೇಗ ಹೊಂದಿಕೊಳ್ಳುತ್ತವೆ. ಆದರೆ ಕ್ಯಾಮ್ ಕೂರಿಸುವುದು, ಬಿರುಕಿನಲ್ಲಿ ಕೈ ಸಿಕ್ಕಿಸುವುದು ಹೊಸದಾಗಿಯೇ ಕಲಿಯಬೇಕಾದ ವಿದ್ಯೆ. ಹೊಸ ಜೊತೆಗಾರರ ಮುಂದೆ ಅದನ್ನು ಮೊದಲೇ ಹೇಳಿಬಿಡಬೇಕು.

ಈ ಬಂಡೆಗಳು ಖಾಲಿ ನೆಲದ ಮೇಲೆ ನಿಂತಿಲ್ಲ. ನ್ಯೂ ಮೆಕ್ಸಿಕೊದ ಬಯಲಿನಿಂದ ಸುಮಾರು 480 ಮೀಟರ್ ಮೇಲೆದ್ದಿರುವ ಶಿಪ್‌ರಾಕ್ ಶಿಖರವನ್ನು 1939ರಲ್ಲಿ ಡೇವಿಡ್ ಬ್ರೋವರ್ ಸೇರಿದಂತೆ ಸಿಯೆರಾ ಕ್ಲಬ್ಬಿನ ನಾಲ್ವರು ಮೊದಲ ಬಾರಿ ಹತ್ತಿದಾಗ ಅದು ಸಾಹಸವೆಂದು ಹೊಗಳಿಕೆ ಪಡೆಯಿತು. ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನರಿಗೆ ಅದು ಪವಿತ್ರ ಸ್ಥಳ. ಇಂದು ನವಾಹೊ ನೆಲದಲ್ಲಿ ಆ ಶಿಖರವೂ ಸೇರಿ ಬಂಡೆ ಹತ್ತುವುದಕ್ಕೆ ನಿಷೇಧವಿದೆ. ಅದನ್ನು ಗೌರವಿಸದವರನ್ನು ಸಾಹಸಿಗಳೆಂದು ಕರೆಯುವುದು ತಪ್ಪು. ಇಂಡಿಯನ್ ಕ್ರೀಕ್ ಸೇರಿರುವ ಬೇರ್ಸ್ ಇಯರ್ಸ್ ಪ್ರದೇಶವನ್ನು ಐದು ಮೂಲನಿವಾಸಿ ಬುಡಕಟ್ಟುಗಳ ಒತ್ತಾಯದ ಮೇರೆಗೆ 2016ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು, 2017ರಲ್ಲಿ ಕುಗ್ಗಿಸಲಾಯಿತು, 2021ರಲ್ಲಿ ಮತ್ತೆ ಹಿಗ್ಗಿಸಲಾಯಿತು. ಅದೇ 2021ರಲ್ಲಿ ಮೋಆಬ್ ಸಮೀಪ ಒಬ್ಬ ಆರೋಹಿ ಪ್ರಾಚೀನ ಶಿಲಾಚಿತ್ರಗಳಿದ್ದ ಬಂಡೆಗೆ ಬೋಲ್ಟ್ ಹೊಡೆದು, ಆಮೇಲೆ ಕ್ಷಮೆ ಕೇಳಬೇಕಾಯಿತು. ಕೊರೆದ ಚಿತ್ರಗಳನ್ನು ಹೊಸ ಗೀಚುಗಳೆಂದು ಭಾವಿಸಿದ್ದೇ ಅದಕ್ಕೆ ಕಾರಣ. ಟೆಕ್ಸಾಸ್‌ನ ವೇಕೊ ಟ್ಯಾಂಕ್ಸ್‌ನಲ್ಲಿ ಶಿಲಾಚಿತ್ರಗಳ ರಕ್ಷಣೆಗಾಗಿ ಒಂದು ಭಾಗಕ್ಕೆ ಒಂದು ಹೊತ್ತಿಗೆ 70 ಜನರನ್ನು ಮಾತ್ರ ಬಿಡುತ್ತಾರೆ. ಉಳಿದ ಭಾಗಗಳಿಗೆ ಮಾರ್ಗದರ್ಶಿಗಳ ಜೊತೆಗೇ ಹೋಗಬೇಕು.

ಕಾಲಡಿಯ ಮಣ್ಣಿಗೂ ಜೀವವಿದೆ. ಯೂಟಾದ ಬಯಲಿನಲ್ಲಿ ಕಪ್ಪಗೆ, ಗಂಟುಗಂಟಾಗಿ ಕಾಣುವ ತೊಗಟೆಯಂಥ ಪದರ ಸೂಕ್ಷ್ಮಜೀವಿಗಳು, ಕಲ್ಲುಹೂವು, ಹಾವಸೆ ಸೇರಿ ಆದದ್ದು. ಮರಳು ಹಾರದಂತೆ ಹಿಡಿದಿಡುವುದು, ಸಾರಜನಕ ಒದಗಿಸುವುದು ಅದೇ. ಒಂದು ಹೆಜ್ಜೆಯಿಂದ ಒಡೆದದ್ದು ಮೊದಲಿನಂತಾಗಲು ದಶಕಗಳೇ ಬೇಕಾಗಬಹುದು. ಇರುವ ಕಾಲುದಾರಿ ಬಿಟ್ಟು, ಬಂಡೆಗೆ ಅಡ್ಡದಾರಿ ಹಿಡಿಯಬಾರದೆನ್ನುವುದು ಇದಕ್ಕಾಗಿ. ಮಲವನ್ನೂ ಚೀಲದಲ್ಲಿ ಕಟ್ಟಿ ಹೊರಗೆ ಒಯ್ಯುವುದು ಇಂಡಿಯನ್ ಕ್ರೀಕ್‌ನಲ್ಲಿ ರೂಢಿಯಾಗಿದೆ.

ಮರುಭೂಮಿಯಲ್ಲಿ ಮಳೆ ಬಂದ ಮರುದಿನ ಹೊಸ ಗುಂಪುಗಳು ಬಹಳ ಸಲ ಒಡೆಯುತ್ತವೆ. ಮರಳುಗಲ್ಲಿನ ಕಣಗಳನ್ನು ಹಿಡಿದಿಟ್ಟಿರುವ ಬೆಸುಗೆ ನೀರು ಕುಡಿದಾಗ ದುರ್ಬಲವಾಗುತ್ತದೆ. ಆಗ ಕೈಹಿಡಿ ಮುರಿಯುತ್ತದೆ, ಕ್ಯಾಮ್ ಕಲ್ಲನ್ನು ಸೀಳಿಕೊಂಡು ಹೊರಬರುತ್ತದೆ. ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ಪಸೆ ಉಳಿದಿರುತ್ತದೆ. ಬಂಡೆಯ ಬುಡದ ಮಣ್ಣನ್ನು ಕೆದಕಿ ನೋಡಿ, ಅಡಿಯಲ್ಲಿ ತೇವವಿದ್ದರೆ ಹತ್ತಬಾರದು. ಮಳೆಯ ಪ್ರಮಾಣ, ಬಿಸಿಲು, ಗಾಳಿ ನೋಡಿಕೊಂಡು ಒಂದರಿಂದ ಮೂರು ದಿನ ಕಾಯಬೇಕೆಂಬುದು ಸ್ಥಳೀಯರ ನಿಯಮ. ರಜೆ ಮುಗಿಯುತ್ತಾ ಬಂದವರಿಗೆ ಈ ಕಾಯುವಿಕೆ ಬಹಳ ಕಷ್ಟ. ಗುಂಪಿನಲ್ಲಿ ಒಬ್ಬರು ಹತ್ತೋಣ ಎಂದರೆ ಉಳಿದವರು ಬೇಡ ಎನ್ನುತ್ತಾರೆ. ಮೊದಲೇ ಮಾತಾಡಿಕೊಂಡಿರುವ ಗುಂಪುಗಳು ಅಂಥ ದಿನಗಳಿಗೆ ಬೇರೆ ಕಲ್ಲು ಗೊತ್ತು ಮಾಡಿಕೊಂಡಿರುತ್ತವೆ. ಜೋಶುವಾ ಟ್ರೀಯ ಗ್ರಾನೈಟ್‌ಗೆ ಮಳೆಯಿಂದ ಇಂಥ ಹಾನಿಯಿಲ್ಲ. ಲಾಸ್ ವೇಗಸ್ ಸುತ್ತಮುತ್ತ, ವರ್ಜಿನ್ ನದಿಯ ಕಮರಿಯಲ್ಲಿ ಸುಣ್ಣಕಲ್ಲಿನ ಬಂಡೆಗಳಿವೆ. ಅವೂ ಬೇಗ ಒಣಗುತ್ತವೆ. ರೆಡ್ ರಾಕ್‌ನಲ್ಲಿ ಹಸಿ ಕಲ್ಲಿನ ಮೇಲೆ ಹತ್ತಿದವರಿಂದಾಗಿ ಹೆಸರಾಂತ ದಾರಿಗಳ ಕೈಹಿಡಿಗಳು ಮುರಿದು, ಆ ದಾರಿಗಳ ಸ್ವರೂಪವೇ ಬದಲಾದದ್ದುಂಟು.